ಏಳೂವರೆಯಿಂದ ಆರೂವರೆಗೆ

ಈ ಬೇಸಿಗೆಯಲ್ಲಿ ತೀರಿಕೊಂಡ ಕೆಂಪರಾಜು ಒಂದು ವರ್ಷ ಮಾಂಸ ಬಿಟ್ಟಿದ್ದ ಎಂದರೆ ಫ್ರೀಮಾಂಟಿನ ಕನ್ನಡಿಗರಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಹುಣಸೂರಿನವನು, ಬಾಡೂಟದ ವಾಸನೆ ಹಿಡಿದು ಕೊಲ್ಲಿಯ ಸೇತುವೆ ದಾಟಿ ಬರುವವನು. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುತ್ತ ವಾರವೆಲ್ಲ ಫ್ರೀವೇ ಮೇಲೆಯೇ ಬದುಕುತ್ತಿದ್ದ.

ಕಾರಣ ಅವನ ಜೊತೆ ಬೇಟೆಗೆ ಹೋಗುತ್ತಿದ್ದ ಶಿವರಾಮುವಿಗೆ ಗೊತ್ತಿತ್ತು. ಕೆಂಪರಾಜು ಬಹಳ ದೂರದಿಂದ ಹೊಡೆದ ಗಂಡು ಜಿಂಕೆಯೊಂದು ಕಾಲೆಳೆದುಕೊಂಡು ಪೊದೆ ಸೇರಿತ್ತು. ಇಬ್ಬರೂ ಕತ್ತಲಾಗುವವರೆಗೆ ಹುಡುಕಿದರು, ಮರುದಿನವೂ ಹುಡುಕಿದರು. ಸಿಗಲಿಲ್ಲ.

“ಅದು ಅಲ್ಲೆಲ್ಲೋ ನರಳ್ತಾ ಬಿದ್ದಿರತ್ತೆ. ನಾನಿಲ್ಲಿ ಕೂತು ಮೂಳೆ ಚೀಪ್ಲಾ?” ಎಂದಿದ್ದ ಕೆಂಪರಾಜು.

ಮತ್ತೆ ಹಾಗಾಗಬಾರದೆಂದು ಅವನು ಕೊಂಡದ್ದು ಇನ್ನೂ ದೊಡ್ಡ ರೈಫಲು, ನಳಿಗೆಯ ಒಳ ಅಗಲ ಇಂಚಿನ ಸಾವಿರದಲ್ಲಿ ಮುನ್ನೂರು ಪಾಲಿರುವ ಮುನ್ನೂರು ಮ್ಯಾಗ್ನಮ್. ಎಲ್ಲಿ ತಗುಲಿದರೂ ಬೀಳಬೇಕು ಎಂಬುದು ಅವನ ಲೆಕ್ಕ. ಸ್ಯಾನ್ ಹೋಸೆಯ ಹಿಂದಿನ ಗುಡ್ಡದ ಶೂಟಿಂಗ್ ರೇಂಜಿನಲ್ಲಿ ವಾರಗಟ್ಟಲೆ ಹೊಡೆದ. ಬಂದೂಕಿನ ಒದೆತಕ್ಕೆ ಹೆಗಲು ನೀಲಿಗಟ್ಟಿತು, ಗುಂಡುಗಳು ಮಾತ್ರ ಗುರಿಯ ಕಾಗದದ ತುಂಬ ಚದುರಿದವು. ದುರ್ಬೀನಿನ ತಪ್ಪೆಂದ, ಗಾಳಿಯ ತಪ್ಪೆಂದ. ಒಂದು ಭಾನುವಾರ ಶಿವರಾಮು ಹೇಳದೆ ಕೇಳದೆ ಮದ್ದಿಲ್ಲದ ಸುಳ್ಳು ತೋಟಾ ತುಂಬಿ ಕೊಟ್ಟ. ಕೆಂಪರಾಜು ರೈಫಲಿನ ಕುದುರೆ ಒತ್ತಿದ. ಟಕ್ ಎಂದಿತು ಅಷ್ಟೆ. ಆದರೆ ನಳಿಗೆ ಗಕ್ಕನೆ ಕೆಳಗೆ ಬಾಗಿತ್ತು. ಅವನ ಕಣ್ಣು ಬಿಗಿಯಾಗಿ ಮುಚ್ಚಿತ್ತು.

“ಗುಂಡೇ ಇಲ್ವಲ್ಲೋ, ಯಾರಿಗ್ ಹೆದರ್ದೆ?”

“ಲೇ, ಮೋಸ ಕಣೋ ಇದು!”

“ಮೋಸ ಅಲ್ಲ, ಜಾತಕ. ನಿನ್ ಮುನ್ನೂರನ್ನ ಮಿಲಿಮೀಟರಲ್ಲಿ ಹೇಳು ನೋಡೋಣ.”

“ಏಳೂವರೆ ಮೇಲೆ ಚೂರು.”

“ಅದೇ ಮತ್ತೆ! ಏಳೂವರೆ ಶನಿ ಹೆಗಲೇರಿ ಕೂತಿದಾನೆ. ಆರೂವರೆಗೆ ಇಳಿಯಯ್ಯಾ.”

ಕೆಂಪರಾಜು ಮುಖ ಊದಿಸಿಕೊಂಡ. ಆಮೇಲೆ ಬೆಂಚಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ತಿಂಗಳೇ ದೊಡ್ಡದನ್ನು ಮಾರಿ, ಹೆಗಲಿಗೆ ಅಷ್ಟು ಒದೆಯದ ಆರೂವರೆ ಮಿಲಿಮೀಟರಿನದನ್ನು ತಂದ. ಮಗಳ ಬರ್ತ್‌ಡೇಗೆ ತಂದು ಉಳಿದಿದ್ದ ಕಾಗದದ ತಟ್ಟೆಗಳೇ ಗುರಿ, ಹೆಚ್ಚುಕಮ್ಮಿ ಜಿಂಕೆಯ ಎದೆಯಗಲ. ಬೆಂಚು ಬಿಟ್ಟು ನೆಲದ ಮೇಲೆ ಕೂತು ಹೊಡೆದ, ಮಲಗಿ ಹೊಡೆದ, ಏರು ಹತ್ತಿ ಏದುಸಿರಲ್ಲೇ ಹೊಡೆದ. ಒಂದು ಗುಂಡೂ ತಟ್ಟೆ ತಪ್ಪದ ದೂರವೆಷ್ಟೋ ಅಷ್ಟೇ ತನ್ನ ಮಿತಿ ಎಂದುಕೊಂಡ. ಅದು ಇನ್ನೂರೈವತ್ತು ಗಜಕ್ಕೆ ನಿಂತಿತು.

ಹೋದ ಸೆಪ್ಟೆಂಬರಿನಲ್ಲಿ, ಒಣಹುಲ್ಲಿನ ಗುಡ್ಡದಲ್ಲಿ, ಓಕ್ ಮರದ ಕೆಳಗೆ ಜಿಂಕೆ ಕಂಡಿತು. ಶಿವರಾಮು ದೂರ ಅಳೆದು “ನಾನೂರು” ಎಂದ.

“ನಂದಲ್ಲ ಅದು,” ಎಂದು ಕೆಂಪರಾಜು ರೈಫಲು ಕೆಳಗಿಟ್ಟ.

ಕಾದರು. ಬಿಸಿಲೇರಿತು. ಜಿಂಕೆ ಮೇಯುತ್ತ ಮೇಯುತ್ತ ತಾನಾಗಿ ಕೆಳಗಿಳಿದು ಮಿತಿಯೊಳಕ್ಕೆ ಬಂತು. ಗುಂಡು ಹಾರಿತು. ಜಿಂಕೆ ನೆಗೆದು ಪೊದೆಯೊಳಗೆ ಮಾಯವಾಯಿತು.

ಕೆಂಪರಾಜುವಿನ ಮುಖ ಬಿಳಿಚಿಕೊಂಡಿತು. “ಮತ್ತೆ ಅದೇ ಆಯ್ತು ಕಣೋ,” ಎಂದ. ಬೆನ್ನಟ್ಟಿದರೆ ಗಾಯದ ಪ್ರಾಣಿ ಇನ್ನೂ ದೂರ ಓಡುತ್ತದೆಂದು ಅರ್ಧ ಗಂಟೆ ಅಲ್ಲೇ ಕೂತರು. ಆಮೇಲೆ ಹೋಗಿ ಪೊದೆ ಸರಿಸಿದರೆ, ಅಂಚಿನಲ್ಲೇ ಬಿದ್ದಿತ್ತು. ಗುಂಡು ಎದೆಗೂಡನ್ನು ನೇರ ದಾಟಿತ್ತು. ಹೊರಳಾಡಿದ ಗುರುತಿರಲಿಲ್ಲ. ಬಾಯಲ್ಲಿ ಹುಲ್ಲು ಹಾಗೇ ಇತ್ತು.

“ಸದ್ಯ,” ಎಂದ ಕೆಂಪರಾಜು. ಅದರ ಪಕ್ಕದಲ್ಲೇ ಕುಸಿದು ಕೂತು ಇನ್ನೊಮ್ಮೆ, “ಸದ್ಯ ಕಣೋ.” ಅಂದು ಮನೆಗೆ ಹೋಗಿ ಎರಡು ಸಲ ಸಾರು ಬಡಿಸಿಕೊಂಡ.

ಈ ಪಿತೃಪಕ್ಷದಲ್ಲಿ ಅವನ ಹೆಂಡತಿ ಮಾಧುರಿ ಫ್ರೀಜರಿನಿಂದ ಆ ಮಾಂಸದ ಕೊನೆಯ ಪೊಟ್ಟಣ ತೆಗೆದು ಶಿವರಾಮುವನ್ನು ಕೇಳಿದಳು. “ಅಣ್ಣಾ, ಇದನ್ನ ಅವರ ಎಡೆಗೆ ಇಡಬಹುದಾ? ಸಿಗದೇ ಹೋಯ್ತಲ್ಲ, ಆ ಜಿಂಕೆ ಥರ ಇದೂ ನರಳಿ ಸತ್ತಿದ್ದಲ್ಲ ತಾನೆ?”

“ಅಲ್ಲಮ್ಮಾ, ಧಾರಾಳವಾಗಿ ಇಡು. ಇದು ನರಳಲಿಲ್ಲ.”

ಮಾಧುರಿ ಪೊಟ್ಟಣವನ್ನು ನೀರಿನಲ್ಲಿಟ್ಟಳು. “ಅವರೂ ನರಳಲಿಲ್ಲ,” ಎಂದಳು. “ಮಲಗಿದವರು ಮಲಗಿದಂಗೇ ಹೋದ್ರು.”

“ಸದ್ಯ,” ಎಂದ ಶಿವರಾಮು. ಈರುಳ್ಳಿ ಹೆಚ್ಚಲು ಚಾಕು ಎತ್ತಿಕೊಂಡ.