ಕೌದಿಯ ಹೊಟ್ಟೆ

ಎಂಬತ್ತರ ದಶಕದ ಆರಂಭದಲ್ಲಿ ಬೆಳಗಾವಿಯ ಮನೆಮನೆಯಲ್ಲೂ ಸೆಣಬಿನ ಹಗ್ಗದ ಗೂಬೆಗಳು ತೂಗುತ್ತಿದ್ದವು. ಗಂಟಿನ ಮೇಲೆ ಗಂಟು ಹಾಕಿ ಮಾಡುವ ಆ ಗೂಬೆಗೆ ಮರದ ಮಣಿಯ ಎರಡು ಕಣ್ಣು, ಕಾಲ ಕೆಳಗೆ ಒಂದು ಕಡ್ಡಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದ ನಾನು ಅದನ್ನೇ ಕಲಿಸುತ್ತಿದ್ದೆ, ಅದನ್ನೇ ಕಲೆಯೆಂದು ನಂಬಿದ್ದೆ. ಒಮ್ಮೆ ರಜೆಯಲ್ಲಿ ಖಾನಾಪುರದ ಆಚೆಗಿನ ನಮ್ಮೂರು ಬೀಡಿಗೆ ಹೋಗುವಾಗ ಒಂದನ್ನು ಒಯ್ದೆ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮನ್ಯಾಗ ಯಾರರ ಗೂಗಿ ತೂಗಹಾಕ್ತಾರೇನ?" ಎಂದು ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ನನಗೆ ಸಿಟ್ಟು ಬಂದಿತ್ತು.

ಅವ್ವ ಕೌದಿ ಹೊಲಿಯುತ್ತಿದ್ದಳು. ಹೊಲದ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ನಾಲ್ವರು ಕೂಡುತ್ತಿದ್ದರು: ಅವ್ವ, ನನ್ನ ಇಬ್ಬರು ಚಿಕ್ಕಮ್ಮಂದಿರು, ಬಾಜೂ ಮನೆಯ, ಕೌದಿಗೆ ಗೋಧಡಿ ಎನ್ನುವ ಮರಾಠಿ ಮಾತಿನ ಅಜ್ಜಿ. ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಕೊನೆಗೆ ಅಂಗೈಯಷ್ಟು ಜಾಗ ಉಳಿಯುತ್ತಿತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ಒಣಗಿದ ಕಟಿ ರೊಟ್ಟಿ ಇಟ್ಟು, ಮೇಲೆ ಕೆಂಪು ತುಂಡು ಮುಚ್ಚಿ ಹೊಲಿದರೇ ಕೌದಿ ಮುಗಿದಂತೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ರೊಟ್ಟಿಯ ಆ ಗಂಟನ್ನು ಬೆರಳಿನಿಂದ ಹುಡುಕುತ್ತಲೇ ಮಲಗುತ್ತಿದ್ದೆ.

ಇದನ್ನೆಲ್ಲ ಊರಲ್ಲೇ ಬಿಟ್ಟು ಬಂದವಳಂತೆ ನಾನು ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿ ಇಸ್ತ್ರಿ ಸೀರೆ ಉಟ್ಟು ಬದುಕುತ್ತಿದ್ದೆ. ಆಗ ಕ್ಯಾಂಪಿನ ಕಡೆಯ ಸಭಾಗೃಹವೊಂದರಲ್ಲಿ ಬಟ್ಟೆ, ನೂಲುಗಳ ಹೊಸ ಕಲೆಯ ಪ್ರದರ್ಶನವೆಂದು ಸುದ್ದಿ ಬಂತು. ಗೂಬೆ ಬಿಟ್ಟು ಬೇರೇನಾದರೂ ಇಡಬೇಕೆನಿಸಿ, ಕೌದಿ ಇಡುತ್ತೇನೆಂದು ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ.

"ಕೌದಿನಾ? ಅಲ್ರೀ ಟೀಚರ್, ಹೊಚ್ಚಗೊಳ್ಳೂದ ಯಾರರ ಗ್ವಾಡಿಗೆ ಹಾಕ್ತಾರೇನ್ರಿ?" ಎಂದು ಒಬ್ಬರು ನಕ್ಕರು. ಉಳಿದವರೂ ನಕ್ಕರು.

ಆ ನಗೆ ನನಗೆ ನಾಟಿತು. ಈ ಕೌದಿ ಆ ಗೋಡೆ ಏರಲೇಬೇಕು ಎಂಬ ಹಟ ಹತ್ತಿತು. ಖಾಕಿ ಕಾಗದದ ಮೇಲೆ ಅಳತೆ ಹಾಕಿ ಒಂದು ನಕ್ಷೆ ಬರೆದು ಬೀಡಿಗೆ ಒಯ್ದೆ. ಅವ್ವ ಅದನ್ನು ನೋಡಿ, "ಛಲೋ ಐತಿ" ಎಂದು ಮಡಿಚಿ ಸೂಜಿ ಡಬ್ಬಿಯ ತಳಕ್ಕೆ ಹಾಸಿದಳು. ಆಮೇಲೆ ನಾಲ್ವರೂ ಕೂಡಿ ತಮಗೆ ತೋಚಿದಂತೆ ಹೊಲಿದರು. ನನ್ನ ನಕ್ಷೆಯ ಒಂದು ಗೆರೆಯೂ ಅದರಲ್ಲಿ ಇರಲಿಲ್ಲ, ಅದಕ್ಕೇ ಅಷ್ಟು ಚೆಂದ ಬಂದಿತ್ತು. ಎರೆಹೊಲದಂಥ ಕಪ್ಪು ಸೀರೆಯ ಮೇಲೆ ಜೋಳದ ಹಸಿರು, ಅರಿಷಿಣ, ಅಲ್ಲಲ್ಲಿ ಅಪ್ಪನ ರುಮಾಲಿನ ಬಿಳುಪು. ಆದರೆ ಪ್ರದರ್ಶನದ ಅರ್ಜಿಯಲ್ಲಿ ಒಬ್ಬರದೇ ಹೆಸರಿಗೆ ಜಾಗವಿತ್ತು. ನಾನು ನನ್ನ ಹೆಸರು ಬರೆದೆ. ನಾಚಿಕೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆಯ್ಕೆ ಮಾಡುವವರು ಒಬ್ಬ ಹಿರಿಯರು, ಚಿತ್ರಕಲೆ ಬಲ್ಲವರು. ಕೌದಿಯನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಛಂದ ಅದ. ನಟ್ಟನಡುವ ಒಂದ ಗಂಟ ಬಂದದಲ್ರೀ, ದೀಪ ಹಚ್ಚಿದ್ರ ನೆರಳ ಬೀಳ್ತದ. ಸಪಾಟ ಮಾಡಿಕೊಂಡ ಬರ್ರಿ. ಇಲ್ಲಂದ್ರ ಹಾಕೂದ ಕಠಿಣ."

ಕೋಣೆಗೆ ಬಂದು ಬ್ಲೇಡಿನಿಂದ ಕೆಂಪು ತುಂಡಿನ ಹೊಲಿಗೆ ಬಿಚ್ಚಿದೆ. ರೊಟ್ಟಿಯ ಚೂರು ತೆಗೆದೆ. ಎಸೆಯಲು ಕೈ ಬರದೆ ಕಿಟಕಿಯಲ್ಲಿಟ್ಟೆ. ಅಳಿಲೊಂದು ಅದನ್ನು ಕಚ್ಚಿಕೊಂಡು ಓಡಿತು. ತುಂಡನ್ನು ಮತ್ತೆ ಕೂರಿಸಿ ಹೊಲಿದೆ. ಸಪಾಟಾಯಿತು. ಕೌದಿ ಗೋಡೆ ಏರಿತು.

ಪ್ರದರ್ಶನದ ಮೊದಲ ದಿನ ನಾಲ್ವರೂ ಖಾನಾಪುರದ ಮೇಲೆ ಬಸ್ಸು ಹಿಡಿದು ಬಂದರು, ಕಂಕುಳಲ್ಲಿ ರೊಟ್ಟಿಯ ಗಂಟು, ಮೈಮೇಲೆ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ. ನಮ್ಮ ಶಾಲೆಯವರೂ ಬಂದಿದ್ದರು. ಅವ್ವ ನೇರ ಕೌದಿಯ ಬಳಿಗೆ ನಡೆದು, ಮುಟ್ಟಬಾರದೆಂಬ ಫಲಕದ ಪಕ್ಕದಲ್ಲೇ ಕೈ ಚಾಚಿ, ಅದರ ನಡುವೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

"ನೀ ಉಂಡಿಯೇನ?" ಎಂದು ನನ್ನನ್ನು ಕೇಳಿದಳು.

"ಹೂಂ ಬೇ."

"ಇದು ಉಂಡಿಲ್ಲ."

ಬಾಜೂ ಮನೆಯ ಅಜ್ಜಿ ಮುಂದೆ ಬಂದು ತಾನೂ ಒತ್ತಿ ನೋಡಿ, "ಅಯ್ಯೋ, ಗೋಧಡಿ ಉಪಾಶಿ ಐತಿ!" ಎಂದು ಹಣೆ ಬಡಿದುಕೊಂಡಳು. ಸಣ್ಣ ಚಿಕ್ಕಮ್ಮ ಬಿಡುವವಳೇ? "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ! ಹಿಂಗ ಮಾಡಿ ತೂಗಹಾಕೀರೇನ?" ಎಂದು ಸಭಾಗೃಹ ಕೇಳುವಂತೆ ಅಂದಳು.

ನಾನೇ ತೆಗೆದೆ ಎಂದು ಒಪ್ಪಿಕೊಂಡೆ. ಯಾಕೆ ತೆಗೆದೆನೆಂಬುದನ್ನೂ ಹೇಳಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಳಸ್ರಿ ಕೆಳಗ" ಎಂದಳು, ಗದ್ದಲ ಕೇಳಿ ಬಂದು ನಿಂತಿದ್ದ ಆ ಹಿರಿಯರನ್ನೇ ನೋಡಿ. "ಉಪಾಸ ಇರೂದನ್ನ ಮಂದಿಗಿ ತೋರಸಾಕ ನಮಗ ಮನಸಿಲ್ರಿ. ಉಣಿಸಿ ಕೊಡ್ತೀವಿ. ಆಮ್ಯಾಲ ಹಾಕೂದು ಬಿಡೂದು ನಿಮಗ ಬಿಟ್ಟಿದ್ದು."

ಗೋಡೆ ಕೈತಪ್ಪಿತೆಂದೇ ತಿಳಿದೆ. ಹಿರಿಯರು ತಾವೇ ಸ್ಟೂಲು ಎಳೆದು ಕೌದಿಯನ್ನು ಇಳಿಸಿದರು.

ನಾಲ್ವರೂ ಸಭಾಗೃಹದ ನಡುವೆ ಅದನ್ನು ಹಾಸಿ, ಒಬ್ಬೊಬ್ಬರು ಒಂದೊಂದು ಅಂಚಿಗೆ ಕುಳಿತರು. ಅವ್ವ ಕೆಂಪು ತುಂಡಿನ ಹೊಲಿಗೆ ಬಿಚ್ಚಿ, ತಂದಿದ್ದ ಗಂಟಿನಿಂದ ರೊಟ್ಟಿಯ ಚೂರು ಮುರಿದು ಒಳಗಿಟ್ಟಳು. ಸೂಜಿಯನ್ನು ಮಾತ್ರ ನನ್ನ ಕಡೆ ಚಾಚಿದಳು. "ನೀನ ತಗದಿ, ನೀನ ಮುಚ್ಚು."

ಶಾಲೆಯವರ ಮುಂದೆ, ಇಸ್ತ್ರಿ ಸೀರೆಯಲ್ಲೇ ನೆಲಕ್ಕೆ ಕುಳಿತು ಹೊಲಿದೆ. ಜನ ಸುತ್ತ ನೆರೆದರು. ಅವರ ಹೊಲಿಗೆ ಅಕ್ಕಿಕಾಳಿನಷ್ಟು, ನನ್ನದು ಹುಣಸೆಬೀಜದಷ್ಟು. ಬಿಚ್ಚಿ ಮತ್ತೆ ಹೊಲಿಯಲು ಹೋದರೆ ಅವ್ವ ಕೈ ಹಿಡಿದಳು. "ಇರಲಿ. ಉಣಿಸಿದವರ ಕೈ ಕಾಣಬೇಕ."

ಯಾರೋ, "ಇವರು ಯಾರ್ರಿ?" ಎಂದು ಕೇಳಿದರು. "ನಮ್ಮವ್ವ. ಇದನ್ನ ಹೊಲದಾಕಿ" ಎಂದೆ. ಕೌದಿ ಹೊಲಿಯುವವಳ ಮಗಳೆಂದು ಬೆಳಗಾವಿಯಲ್ಲಿ ನಾನು ಅಲ್ಲಿಯತನಕ ಯಾರಿಗೂ ಹೇಳಿರಲಿಲ್ಲ. ಅಂದು ಹೇಳುವಾಗ ಆದ ಹೆಮ್ಮೆ ನನಗೆ ಸಂಬಳದಿಂದಾಗಲಿ ಸರ್ಟಿಫಿಕೇಟಿನಿಂದಾಗಲಿ ಆಗಿರಲಿಲ್ಲ.

ಹಿರಿಯರು ಕೌದಿಯ ಮೇಲೆ ಬಗ್ಗಿ ಗಂಟನ್ನು ಬೆರಳಿನಿಂದ ಸವರಿದರು. "ನೆರಳ ಬಿದ್ರ ಬೀಳ್ಲಿ" ಎಂದು ತಾವೇ ಮತ್ತೆ ಅದನ್ನು ಗೋಡೆಗೆ ಏರಿಸಿದರು. ಕೆಳಗಿದ್ದ ನನ್ನ ಹೆಸರಿನ ಚೀಟಿಯನ್ನು ನಾನು ಕಿತ್ತು, ಇನ್ನೊಂದು ಬರೆದು ಅಂಟಿಸಿದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. "ಏನ ಬರದಿ?" ಎಂದಳು.

ಗಟ್ಟಿಯಾಗಿ ಓದಿದೆ: "ಹೊಲಿದವರು ಬೀಡಿಯ ನಾಲ್ಕು ಹೆಣ್ಣುಮಕ್ಕಳು. ನಡುವಿನ ಹೊಲಿಗೆ ಮಗಳದು."

ಅವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ನನ್ನ ಹುಣಸೆಬೀಜದ ಹೊಲಿಗೆಗಳನ್ನು ಮತ್ತೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಹೊಲಿಗಿ ಟೀಚರ್ ಅಂತ ಮಾತ್ರ ಬರೀಬ್ಯಾಡ ಮತ್ತ. ನಿಮ್ಮ ಸಾಲಿ ಮರ್ಯಾದಿ ಹೋದೀತು."