ಅಂಗೈಯಿಂದ ಒತ್ತಿದ ವಿಮಾನ

ಕೋವಿಡ್ ಗದ್ದಲ ಮುಗಿದ ಮರುವರ್ಷ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಜಿಯೋಥೆರಪಿಸ್ಟ್ ಆಗಿದ್ದೆ. ಸುಟ್ಟ ಗಾಯ ಮಾಯ್ದ ಮಕ್ಕಳ ಕೈಕಾಲು ಮತ್ತೆ ಆಡುವಂತೆ ಮಾಡುವುದು ನನ್ನ ಕೆಲಸ. ನನ್ನನ್ನು ಕಂಡರೆ ಮಕ್ಕಳು ಅಳುತ್ತಿದ್ದರು. ಅಳಲಿ ಬಿಡಿ, ಅದಕ್ಕೆಲ್ಲ ಕರಗಿದರೆ ನಮ್ಮ ಕೆಲಸ ಸಾಗುವುದಿಲ್ಲ.

ಬೆಂಗೇರಿಯ ನೀಲವ್ವ ಏಳು ವರ್ಷದ ಮಗಳು ಗೌರಿಯನ್ನು ಕರೆತಂದಳು. ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಮೇಲೆ ಹುಡುಗಿ ಬಲಗೈ ಊರಿಬಿಟ್ಟಿದ್ದಳು. ಗಾಯ ಮಾಯ್ದಿತ್ತು, ಆದರೆ ಹೊಸ ಚರ್ಮ ಬಿಗಿದು ಬೆರಳುಗಳನ್ನು ಅಂಗೈಯೊಳಗೆ ಎಳೆಯುತ್ತಿತ್ತು. ಇದಕ್ಕೆ ಕಾಂಟ್ರಾಕ್ಚರ್ ಎನ್ನುತ್ತೇವೆ. ದಿನವೂ ಅಂಗೈಯನ್ನು ಚಪ್ಪಟೆಯಾಗಿ ಊರಿಸದಿದ್ದರೆ ಬೆರಳುಗಳು ಹಾಗೇ ಮುದುಡಿ ಉಳಿಯುತ್ತವೆ. ಸರ್ಜನ್ ಒಂದು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಬಿಚ್ಚದಿದ್ದರೆ ಆಪರೇಷನ್.

ಇಂಥ ಮಕ್ಕಳಿಗೆ ನಾನು ಕೊಡುತ್ತಿದ್ದ ವ್ಯಾಯಾಮ ಕಾಗದದ ವಿಮಾನ. ಮಡಿಕೆಯನ್ನು ಉಗುರಿನಿಂದ ತೀಡಬಾರದು, ಅಂಗೈ ಪೂರ್ತಿ ಊರಿ ಒತ್ತಬೇಕು, ಇದೊಂದೇ ಕರಾರು. ಮೂಗು ಹಗುರಾದರೆ ವಿಮಾನ ತಲೆಯೆತ್ತಿ ಬೀಳುತ್ತದೆ, ಇನ್ನೊಂದು ಮಡಿಕೆ ಬೇಕು. ರೆಕ್ಕೆ ಹೆಚ್ಚುಕಮ್ಮಿಯಾದರೆ ಒಂದು ಬದಿಗೆ ತಿರುಗುತ್ತದೆ, ಬಿಚ್ಚಿ ಮತ್ತೆ ಒತ್ತಬೇಕು. ಮನೆಯಲ್ಲಿ ಮಾಡಿ ತಂದದ್ದನ್ನು ಆಸ್ಪತ್ರೆಯ ವರಾಂಡದಲ್ಲಿ ಹಾರಿಸಿ ನೋಡುತ್ತಿದ್ದೆವು.

ಎರಡನೇ ವಾರಕ್ಕೇ ಗೌರಿಯ ವಿಮಾನಗಳು ನೆಟ್ಟಗೆ ಹಾರತೊಡಗಿದವು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ಆಕೆ ಮಾತ್ರ ನಗಲಿಲ್ಲ. ಬೆರಳಿನ ಕೋನ ಅಳೆದೆ, ಬೆರಳುಗಳು ಮೊದಲಿಗಿಂತ ಮುದುಡಿದ್ದವು. ವಿಮಾನ ಬಿಚ್ಚಿ ನೋಡಿದರೆ ಎಲ್ಲವೂ ಉಗುರಿನಿಂದ ತೀಡಿದ ಗೆರೆಗಳು.

"ಇದನ್ನ ಯಾರು ಮಡಚಿದ್ದು?" ಎಂದೆ, ದನಿ ಏರಿಸಿಯೇ.

ನೀಲವ್ವ ತಲೆ ತಗ್ಗಿಸಿದಳು. "ನಾನರೀ ಮೇಡಂ. ಒತ್ತು ಅಂದ್ರ ಅಳತಾಳ್ರಿ. ಆ ಹಂಚು ನೆಲದ ಮ್ಯಾಲೆ ಇಟ್ಟಾಕಿ ನಾನ. ಮತ್ತ ನಾನ ಹೆಂಗ ಅಳಸಲಿರಿ?"

ಬೈಯುವ ಮನಸ್ಸಾಗಲಿಲ್ಲ. ಆದರೆ ಗಡುವು ನಿಲ್ಲುವುದಿಲ್ಲವಲ್ಲ.

"ಕೈ ಹಿಂದ ಕಟ್ಟಿಕೊಂಡು ಇಲ್ಲೇ ನಿಂದ್ರವಾ. ಏನೂ ಮಾಡಬ್ಯಾಡ, ಎಲ್ಲೂ ಹೋಗಬ್ಯಾಡ," ಎಂದು ನೀಲವ್ವನಿಗೆ ಹೇಳಿದೆ.

ಗೌರಿ ಹೊಸ ಹಾಳೆ ಮಡಚಿ ಅಂಗೈ ಊರಿದಳು, ಚೀರಿ ತೆಗೆದಳು. ಅವ್ವನ ಮುಖ ನೋಡಿದಳು. ಅವ್ವ ತುಟಿ ಕಚ್ಚಿ ನಿಂತೇ ಇದ್ದಳು. ಹುಡುಗಿ ಅಳುತ್ತಲೇ ಮತ್ತೆ ಊರಿದಳು. ಆ ವಿಮಾನ ನಾಲ್ಕು ಮಾರೂ ಹೋಗದೆ ಗೋಡೆಗೆ ಬಡಿದು ಬಿತ್ತು. ಗೌರಿ ಕಣ್ಣೊರೆಸಿಕೊಂಡು ಎತ್ತಿಕೊಂಡಳು.

"ಇದು ನಾ ಮಾಡಿದ್ದು," ಅಂದಳು.

ಅಂದಿನಿಂದ ದಿನವೂ ಹಾಗೇ ನಡೆಯಿತು. ಆಪರೇಷನ್ ಬೇಕಾಗಲಿಲ್ಲ. ಮಗು ಅಳುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ವ್ಯಾಯಾಮಕ್ಕಿಂತ ಕಷ್ಟದ ಕೆಲಸ, ಅದನ್ನು ಹೆತ್ತವರಿಗೂ ಕಲಿಸಬೇಕೆಂದು ನನಗೆ ಕಲಿಸಿದ್ದು ಈ ಪ್ರಕರಣ. ಮುಂದೆ ನಿವೃತ್ತಿಯವರೆಗೂ ಮಗುವಿನ ಕೈ ನೋಡುವ ಮೊದಲು ತಾಯಿಯನ್ನು ಕೂರಿಸಿ ಮಾತಾಡಿಸಿದೆ.

ಕಡೆಯ ದಿನ ಅಳತೆ ಮುಗಿದ ಮೇಲೆ, ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ ನೀಲವ್ವ ಮೆಲ್ಲಗೆ ಕೇಳಿದಳು, "ಇನ್ನ ಆಕಿ ಕೈ ಹಿಡಕೋಬಹುದೇನ್ರಿ?"

ನಾನು ಉತ್ತರಿಸುವ ಮೊದಲೇ ಗೌರಿ ಬಲಗೈ ಚಾಚಿದ್ದಳು.