ಅತ್ತೆಯ ಚಳಿಗಾಲ

ಚಳಿ ಶುರುವಾಯಿತೆಂದರೆ ಅತ್ತೆಯ ತುಟಿ ಒಡೆಯುತ್ತಿತ್ತು. ನಕ್ಕರೆ ಬಿರುಕಿನಲ್ಲಿ ರಕ್ತ ಜಿನುಗುವುದು. ಬೆಣ್ಣೆ ಸವರಿಕೊಂಡು ಮತ್ತೆ ನಗುವರು. ಅವರು ನನ್ನಪ್ಪನ ಅಕ್ಕ. ಹುಟ್ಟಿದ್ದು ಸಾಸ್ವೆಹಳ್ಳಿಯಲ್ಲಿ, ಕೊಟ್ಟಿದ್ದು ಜಗಳೂರಿಗೆ. ಯುಗಾದಿ, ದೀಪಾವಳಿಗೆ ಕರೆದರೂ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಮಾತ್ರ ಅಪ್ಪ ಕರೆಯಲು ಹೋಗುವಷ್ಟರಲ್ಲಿ ಚೀಲ ಕಟ್ಟಿಕೊಂಡು ಕೂತಿರುತ್ತಿದ್ದರು.

ಬಂದ ಮೇಲೆ ನಮ್ಮನ್ನು ಹಾಸಿಗೆಯಲ್ಲಿ ಬಿಡುತ್ತಿರಲಿಲ್ಲ. ಹೊದ್ದ ರಗ್ಗಿನ ಸಮೇತ ಹೊಳೆದಂಡೆಗೆ ನಡೆಸಿಕೊಂಡು ಹೋಗುವರು. ಆಚೆ ದಡ ಕಾಣದಷ್ಟು ಮಂಜು. "ಸುಮ್ನೆ ನಿಂತ್ಕೊಳ್ರಿ, ಈಗ ಆ ದಂಡಿ ಬರ್ತೈತೆ" ಅನ್ನುವರು. ಬಿಸಿಲೇರಿದಂತೆ ಮೊದಲು ಒಂದು ಮರದ ತಲೆ, ಆಮೇಲೆ ಮೇಯುವ ಎತ್ತಿನ ಬೆನ್ನು. ದಡ ನಿಜಕ್ಕೂ ನಡೆದು ಬಂದಂತಿರುತ್ತಿತ್ತು. ಮನೆಗೆ ಮರಳಿ ಹಿತ್ತಿಲ ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯಬೇಕು. ಕೈಗಂಟಿದ ಸೊಗಡನ್ನು ತೊಳೆಯಲು ಬಿಡುತ್ತಿರಲಿಲ್ಲ. ಸಂಕ್ರಾಂತಿಯ ದಿನ ಸಜ್ಜೆರೊಟ್ಟಿಯ ಬುತ್ತಿ ಕಟ್ಟಿ ಎಲ್ಲರೂ ಹೊಳೆಗೆ ಹೋಗಿ ಉಂಡು ಬಂದ ಮೇಲೆಯೇ ಅವರು ಜಗಳೂರಿಗೆ ಹೊರಡುತ್ತಿದ್ದದ್ದು.

ಅಪ್ಪ, ಚಿಕ್ಕಪ್ಪ ಹೊಲ ಪಾಲು ಮಾಡಿಕೊಳ್ಳುವಾಗ ಹೆಣ್ಣುಮಗಳ ಸಹಿಯೂ ಬೇಕಾಯಿತು. ಅತ್ತೆಯನ್ನು ಹೊನ್ನಾಳಿಯ ನೋಂದಣಿ ಕಚೇರಿಗೆ ಕರೆತಂದರು. ನಿಮ್ಮ ಪಾಲೂ ಇದೆ, ಯೋಚಿಸಿ ಎಂದು ಅಮ್ಮ ಗುಟ್ಟಾಗಿ ಹೇಳಿದ್ದರಂತೆ. ಅತ್ತೆ ಕೇಳಲಿಲ್ಲ.

"ನಂಗೆ ಹೊಲ ಬ್ಯಾಡ ಕಣ್ರೋ. ಚಳಿಗಾಲಕ್ಕೆ ಕರೀರಿ, ಅಷ್ಟು ಸಾಕು" ಎಂದು ತಮ್ಮಂದಿರಿಗೆ ಹೇಳಿ ಸಹಿ ಹಾಕಿದರು.

ಆ ವರ್ಷ ಚಿಕ್ಕಪ್ಪನ ಮಗನಿಗೆ ಪರೀಕ್ಷೆ ಎಂದು ಕರೆಯಲಿಲ್ಲ. ಮರುವರ್ಷ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಆಮೇಲೆ ನೆಪವನ್ನೂ ಹೇಳಲಿಲ್ಲ. ಹತ್ತಿರ ಬಿಟ್ಟುಕೊಂಡರೆ ನಾಳೆ ಅವಳ ಮಕ್ಕಳು ಪಾಲು ಕೇಳಿಯಾರು ಎಂಬ ಭಯವಂತೆ. ಡಿಸೆಂಬರ್ ಬಂದರೆ ಅತ್ತೆಯೇ ಫೋನ್ ಮಾಡಿ, ಮಂಜು ಬೀಳುತ್ತಿದೆಯಾ ಎಂದು ಕೇಳುವರು. ಬರುತ್ತೇನೆ ಎಂದು ಮಾತ್ರ ಅನ್ನುತ್ತಿರಲಿಲ್ಲ. ಬಾ ಎಂದು ಅಪ್ಪನೂ ಅನ್ನುತ್ತಿರಲಿಲ್ಲ. ಹೂಂ ಬೀಳ್ತೈತೆ ಎಂದು ಫೋನನ್ನು ಅಮ್ಮನ ಕೈಗೆ ದಾಟಿಸುತ್ತಿದ್ದರು.

ಚನ್ನಗಿರಿಯ ಶಾಲೆಯಲ್ಲಿ ಕೆಲಸ ಸಿಕ್ಕ ವರ್ಷ ನಾನೇ ಜಗಳೂರಿಗೆ ಹೋದೆ. ಬೆಳಿಗ್ಗೆ ಇಬ್ಬರೂ ತಾರಸಿಯ ಮೇಲೆ ಕೂತಿದ್ದೆವು. ಇಲ್ಲೂ ಒಳ್ಳೇ ಚಳಿ ಇದೆಯಲ್ಲ ಅತ್ತೆ ಎಂದೆ.

"ಐತೆ ಕಣವ್ವ. ಆದ್ರೆ ಬರೀ ಚಳಿ" ಎಂದರು.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಇನ್ನೂ ಮುಂದಿರುವಾಗ, ನ್ಯುಮೋನಿಯಾ ಆಗಿ ತೀರಿಕೊಂಡರು. ಅಪ್ಪ, ಚಿಕ್ಕಪ್ಪ ಕಾರು ಮಾಡಿಕೊಂಡು ಬಂದರು. ಹೆಣಕ್ಕೆ ಹೊದಿಸಲು ತವರಿನ ಸೀರೆ ತಂದಿದ್ದರು, ರೇಷ್ಮೆಯದು. ಅತ್ತೆಯ ಮಗಳು ತಾಯಿಯ ತಲೆಯ ಬಳಿ ಕೂತಿದ್ದಳು. ಸೀರೆಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು.

"ಕರಿಯಾಕೆ ಬಂದ್ರಾ ಮಾವ?" ಎಂದಳು.

ಅಪ್ಪ ಬಗ್ಗಿ ಸೀರೆ ಹೊದಿಸಿದರು. ನೆರೆದವರಲ್ಲಿ ಯಾರೋ, ತವರಿನವರು ಒಳ್ಳೇ ಸೀರೆಯನ್ನೇ ತಂದಿದ್ದಾರೆ ಎಂದರು.

ಈಗ ಜನವರಿ ಬಂದರೆ ಅಪ್ಪ ತಪ್ಪದೆ ನನಗೆ ಫೋನ್ ಮಾಡುತ್ತಾರೆ, ಹಬ್ಬಕ್ಕೆ ಬಾ ಅನ್ನುತ್ತಾರೆ. ಶಾಲೆಗೆ ರಜೆ ಇರುತ್ತದೆ. ಊರು ದೂರವೂ ಅಲ್ಲ. ನಾನು ಹೋಗುವುದಿಲ್ಲ.